ಹನಿ ಬೀಳುವ ಸದ್ದನ್ನು ಕರೆಂಟಿನಲ್ಲಿ ಕಟ್ಟಿದ್ದು

ನನ್ನ ಹತ್ತಿರ ಒಂದು ಸಿಂಥಸೈಜರ್ ಇದೆ, ಅಂದರೆ ಕರೆಂಟಿನಿಂದಲೇ ಸದ್ದು ಹುಟ್ಟಿಸುವ ಕೀಬೋರ್ಡ್ ವಾದ್ಯ. ಅದರ ಮೇಲೆ ಒಂದು ಅಕ್ಷರವೂ ಉಳಿದಿಲ್ಲ. ನನ್ನ ಕೈಗೆ ಬರುವ ಮೊದಲು ಅದನ್ನು ಯಾರೋ ತುಂಬಾ ವರ್ಷ ನುಡಿಸಿದ್ದರು. ಬೆರಳು ತಾಗಿ ತಾಗಿ ನಾಬ್‌ಗಳ ಪಕ್ಕದ ಹೆಸರುಗಳೆಲ್ಲ ಅಳಿಸಿಹೋಗಿವೆ. ಅಲ್ಲಲ್ಲಿ ಒಂದೊಂದು ಬಿಳಿ ಗೆರೆ ಕಾಣುತ್ತದೆ, ಅಷ್ಟೇ. ಮೊದಲ ವಾರ ಬೇಜಾರಾಗಿತ್ತು. ಈಗ ನೋಡಿದರೆ ಅದೇ ಒಳ್ಳೆಯದಾಯಿತು. ಓದಿ ತಿಳಿದುಕೊಳ್ಳುವ ದಾರಿಯೇ ಇರಲಿಲ್ಲ. ತಿರುಗಿಸಬೇಕು, ಕೇಳಬೇಕು, ಮತ್ತೆ ತಿರುಗಿಸಬೇಕು.

ಒಂದು ರಾತ್ರಿ ಎರಡು ಗಂಟೆ ಇರಬೇಕು, ನಿದ್ದೆ ಬರುತ್ತಿರಲಿಲ್ಲ. ಬಚ್ಚಲಿನ ನಲ್ಲಿಯನ್ನು ಯಾರೋ ಪೂರ್ತಿ ನಿಲ್ಲಿಸಿರಲಿಲ್ಲ. ಅರ್ಧ ತುಂಬಿದ ಬಕೆಟ್‌ಗೆ ಹನಿ ಬೀಳುತ್ತಿತ್ತು. ತೊಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ತೊಟಕ್. ಎದ್ದು ಹೋಗಿ ನಿಲ್ಲಿಸಬೇಕಿತ್ತು. ಅದರ ಬದಲು ಮಲಗಿಕೊಂಡೇ ಕೇಳುತ್ತಾ ಹೋದೆ. ಇದನ್ನು ಸಿಂಥ್‌ನಲ್ಲಿ ಮಾಡೋಕಾಗುತ್ತಾ? ಮೈಕ್ ಇಟ್ಟು ರೆಕಾರ್ಡ್ ಮಾಡುವುದಲ್ಲ. ನೀರಿಲ್ಲದೆ, ಬಕೆಟ್ ಇಲ್ಲದೆ, ಬರೀ ಕರೆಂಟಿನಿಂದ.

ಆಯಿತು. ಆದರೆ ಮೂರು ವಾರ ಬೇಕಾಯಿತು. ಸಿಂಥಸೈಜರ್ ಹೇಗೆ ಕೆಲಸ ಮಾಡುತ್ತದೆ ಅಂತ ನನಗೆ ನಿಜವಾಗಿ ಅರ್ಥವಾದದ್ದು ಆ ಮೂರು ವಾರದಲ್ಲೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಪ್ರಯೋಗ. ನನ್ನ ಸಿಂಥ್‌ನಲ್ಲಿರುವ ಆಸಿಲೇಟರನ್ನು ತುಂಬಾ ನಿಧಾನಕ್ಕೆ ಇಳಿಸಬಹುದು. ಆಸಿಲೇಟರ್ ಅಂದರೆ ವೋಲ್ಟೇಜನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಒಂದೇ ಸಮ ಓಡಾಡಿಸುವ ಸರ್ಕ್ಯೂಟು. ಸೆಕೆಂಡಿಗೆ ಎರಡು ಸಲಕ್ಕೆ ಇಟ್ಟರೆ ಹೆಡ್‌ಫೋನ್‌ನಲ್ಲಿ ಟಕ್, ಟಕ್ ಅಂತ ಎರಡು ಏಟು. ಎಣಿಸಬಹುದು. ನಿಧಾನವಾಗಿ ಏರಿಸಿ. ಐದು, ಹತ್ತು. ಟಕಟಕಟಕ. ಹದಿನೈದು ದಾಟಿದ ಮೇಲೆ ಎಣಿಸೋಕಾಗಲ್ಲ, ಟರ್ರ್ ಅಂತ ಒರಟಾಗಿ ಕೇಳುತ್ತದೆ. ಇಪ್ಪತ್ತು, ಮೂವತ್ತರ ಹತ್ತಿರ ಏನೋ ಆಗುತ್ತದೆ. ಏಟುಗಳು ಮಾಯವಾಗಿ ಅದೇ ಜಾಗದಲ್ಲಿ ಒಂದು ಸ್ವರ ನಿಂತಿರುತ್ತದೆ. ಯಂತ್ರ ಬೇರೆ ಏನನ್ನೂ ಮಾಡಿಲ್ಲ, ಅದೇ ಕೆಲಸವನ್ನು ಜಾಸ್ತಿ ವೇಗದಲ್ಲಿ ಮಾಡುತ್ತಿದೆ. ಬದಲಾದದ್ದು ನಮ್ಮ ಕಿವಿ ಕೇಳುವ ರೀತಿ. ನಾನು ಇದನ್ನು ನೂರಾರು ಸಲ ಮಾಡಿದ್ದೇನೆ. ಇವತ್ತಿಗೂ ಆ ಗಡಿ ದಾಟುವಾಗ ಮೈ ಜುಮ್ಮೆನ್ನುತ್ತದೆ.

110 ಸಲಕ್ಕೆ ಬಂದರೆ ಪಾಶ್ಚಾತ್ಯ ಸಂಗೀತದವರು ಎ ಅಂತ ಕರೆಯುವ ಒಂದು ತಗ್ಗಿನ ಸ್ವರ. 220 ಅಂದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ. 440 ಇನ್ನೊಂದು ಸ್ಥಾಯಿ ಮೇಲೆ. ಪ್ರತಿ ಸ್ಥಾಯಿಗೂ ದುಪ್ಪಟ್ಟು. ಅದಕ್ಕೇ ಬಹಳಷ್ಟು ಅನಲಾಗ್ ಸಿಂಥ್‌ಗಳಲ್ಲಿ ವೋಲ್ಟೇಜ್ ಒಂದು ವೋಲ್ಟ್ ಏರಿದರೆ ಶ್ರುತಿ ಒಂದು ಸ್ಥಾಯಿ ಏರುವ ಹಾಗೆ ಕಟ್ಟಿರುತ್ತಾರೆ. ಕೀ ಒತ್ತಿದಾಗ ಕೀಬೋರ್ಡ್ ಸ್ವರ ಕಳಿಸುವುದಿಲ್ಲ, ಒಂದು ವೋಲ್ಟೇಜ್ ಕಳಿಸುತ್ತದೆ, ಅಷ್ಟೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. (ನನ್ನದು ಹಳೆಯ ಯಂತ್ರ, ಆನ್ ಮಾಡಿದ ತಕ್ಷಣ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಬಿಸಿಯಾದಂತೆ ಸರ್ಕ್ಯೂಟಿನ ನಡವಳಿಕೆ ಬದಲಾಗಿ ಸ್ವರ ಜಾರುತ್ತದೆ. ಹದಿನೈದು ನಿಮಿಷ ಸುಮ್ನೆ ಬಿಟ್ಟು ಆಮೇಲೆ ಶ್ರುತಿ ಮಾಡುತ್ತೇನೆ.)

ಓಡಾಟದ ವೇಗ ಶ್ರುತಿಯಾದರೆ, ಓಡಾಟದ ಆಕಾರ ಸದ್ದಿನ ಬಣ್ಣ. ವೋಲ್ಟೇಜ್ ನಿಧಾನಕ್ಕೆ ಏರಿ ಧೊಪ್ಪನೆ ಬಿದ್ದು, ಮತ್ತೆ ಏರಿ ಮತ್ತೆ ಬಿದ್ದರೆ ಅದರ ಚಿತ್ರ ಗರಗಸದ ಹಲ್ಲಿನ ಹಾಗಿರುತ್ತದೆ. ಅದಕ್ಕೇ ಅದರ ಹೆಸರು ಸಾ-ಟೂತ್. ಗಡುಸಾದ, ಝೇಂಕರಿಸುವ ಸದ್ದು. 110ರ ಗರಗಸದಲ್ಲಿ 110 ಮಾತ್ರ ಇರುವುದಿಲ್ಲ. 220, 330, 440, 550 ಹೀಗೆ ಮೇಲಿನ ಸ್ವರಗಳೂ ಸಣ್ಣಗೆ ಸೇರಿರುತ್ತವೆ. ಎರಡನೆಯದು ಅರ್ಧ ಬಲ, ಮೂರನೆಯದು ಮೂರರಲ್ಲಿ ಒಂದು, ನಾಲ್ಕನೆಯದು ನಾಲ್ಕರಲ್ಲಿ ಒಂದು. ಚೌಕದ ಅಲೆಯಲ್ಲಿ ಬೆಸ ಸಂಖ್ಯೆಯವು ಮಾತ್ರ: 110, 330, 550. ಅದು ಟೊಳ್ಳಾಗಿ, ಸ್ವಲ್ಪ ಕ್ಲಾರಿನೆಟ್‌ನ ತಗ್ಗಿನ ಸ್ವರದ ಹಾಗೆ ಕೇಳುತ್ತದೆ. ಕ್ಲಾರಿನೆಟ್ ಒಂದು ಕಡೆ ಮುಚ್ಚಿದ ಕೊಳವೆಯ ಹಾಗೆ ವರ್ತಿಸುತ್ತದೆ. ಅದರ ತಗ್ಗಿನ ಸ್ವರಗಳಲ್ಲೂ ಬೆಸ ಸಂಖ್ಯೆಯವೇ ಜೋರು. ತ್ರಿಕೋನದ ಅಲೆ ಮೆತ್ತಗೆ. ಸೈನ್ ಅಲೆಯಲ್ಲಿ ಮೇಲಿನದು ಏನೂ ಇಲ್ಲ, ಒಂದೇ ಒಂದು ಸ್ವರ, ಸೀಟಿಯ ಹಾಗೆ ಬರಿದು.

ನಲ್ಲಿ ಹನಿಗೆ ಇದರಲ್ಲಿ ಯಾವುದು? ಮೊದಲ ವಾರ ನನಗೆ ಗೊತ್ತಾಗಲಿಲ್ಲ. ಗರಗಸದಿಂದಲೇ ಶುರು ಮಾಡಿದೆ. ಅದರಲ್ಲಿ ಎಲ್ಲವೂ ಇದೆ, ಬೇಡದ್ದನ್ನು ತೆಗೆದರಾಯಿತು ಅಂದುಕೊಂಡೆ. ಬಹಳಷ್ಟು ಸಿಂಥ್‌ಗಳು ಕೆಲಸ ಮಾಡುವುದೂ ಹಾಗೇ. ತುಂಬಿದ ಸದ್ದನ್ನು ತೆಗೆದುಕೊಂಡು ಕೆತ್ತುತ್ತಾ ಹೋಗುವುದು. ಕೆತ್ತುವ ಉಳಿ ಅಂದರೆ ಫಿಲ್ಟರ್.

ಫಿಲ್ಟರ್ ಅಂದರೇನು ಅಂತ ತಿಳಿಯಲು ಯಂತ್ರವೇ ಬೇಡ. ಈಗಲೇ ಮಾಡಿ ನೋಡಿ. ಒಂದು ಸ್ವರ ಹಿಡಿದು ಊ ಅನ್ನಿ. ಉಸಿರು ಕಡಿಯದೆ, ಶ್ರುತಿ ಬದಲಿಸದೆ, ಊ ಇಂದ ಓ, ಓ ಇಂದ ಆ, ಆಮೇಲೆ ಏ, ಈ. ನಿಮ್ಮ ಗಂಟಲು ಮಾಡುತ್ತಿರುವುದು ಅದೇ ಒಂದು ಝೇಂಕಾರ. ಬದಲಾದದ್ದು ಬಾಯಿಯ ಆಕಾರ ಮಾತ್ರ. ನಾಲಿಗೆ ಸ್ವಲ್ಪ ಮುಂದೆ, ತುಟಿ ಸ್ವಲ್ಪ ಅಗಲ, ಅಷ್ಟಕ್ಕೆ ಕೆಲವು ಮೇಲಿನ ಸ್ವರಗಳು ಅಡಗಿ ಇನ್ನು ಕೆಲವು ಎದ್ದು ಬರುತ್ತವೆ. ನಾವು ಮೊದಲು ಕಲಿಯುವ ಸ್ವರಾಕ್ಷರಗಳೆಲ್ಲ ಒಂದೇ ಗಂಟಲಿನ ಸದ್ದನ್ನು ಬೇರೆ ಬೇರೆ ರೀತಿ ಸೋಸಿದ್ದು. ಗಂಟಲೇ ಆಸಿಲೇಟರ್, ಬಾಯಿಯೇ ಫಿಲ್ಟರ್.

ಸಿಂಥ್‌ನ ಫಿಲ್ಟರ್ ಬಾಯಿಯಷ್ಟು ಚುರುಕಲ್ಲ. ನನ್ನದರಲ್ಲಿರುವುದು ಲೋ-ಪಾಸ್. ಕಟಾಫ್ ಅಂತ ಒಂದು ಗಡಿ ಇಟ್ಟರೆ ಅದರ ಕೆಳಗಿನದ್ದನ್ನು ಬಿಡುತ್ತದೆ, ಮೇಲಿನದ್ದನ್ನು ತಡೆಯುತ್ತದೆ. ಪೂರ್ತಿ ತಡೆಯುವುದಿಲ್ಲ, ಮೇಲೆ ಹೋದಷ್ಟೂ ಜಾಸ್ತಿ ಅಡಗಿಸುತ್ತದೆ. ಅಮೆರಿಕದ ಎಂಜಿನಿಯರ್ ರಾಬರ್ಟ್ ಮೂಗ್ 1960ರ ದಶಕದಲ್ಲಿ ಮಾಡಿದ ಏಣಿಯಂಥ ಫಿಲ್ಟರ್ ಪ್ರತಿ ಸ್ಥಾಯಿಗೆ 24 ಡೆಸಿಬೆಲ್ ಇಳಿಸುತ್ತದೆ. ಅಂದರೆ ಗಡಿಯಿಂದ ಒಂದು ಸ್ಥಾಯಿ ಮೇಲಿರುವ ಅಲೆಯ ಎತ್ತರ ಸುಮಾರು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಟಾಫ್ ನಾಬನ್ನು ಕೈಯಲ್ಲಿ ತಿರುಗಿಸಿದರೆ ಕಂಬಳಿ ಹೊದಿಸಿದ ಸದ್ದಿನಿಂದ ಒಂದೊಂದೇ ಪದರ ಸರಿದ ಹಾಗೆ ಕೇಳುತ್ತದೆ. ಬೇಗ ತಿರುಗಿಸಿದರೆ "ವಾ" ಅಂತಲೇ ಕೇಳುತ್ತದೆ, ಯಾಕೆಂದರೆ ವಾ ಅನ್ನುವಾಗ ನಮ್ಮ ಬಾಯಿಯೂ ಅದನ್ನೇ ಮಾಡುತ್ತದೆ.

ಪಕ್ಕದಲ್ಲೇ ಇನ್ನೊಂದು ನಾಬ್, ರೆಸೊನೆನ್ಸ್. ಅಕ್ಷರ ಇದ್ದಿದ್ದರೆ ನಾನು ಅದನ್ನು ಇಷ್ಟು ದೂರ ತಿರುಗಿಸುತ್ತಿದ್ದೆನೋ ಇಲ್ಲವೋ. ಇದು ಫಿಲ್ಟರ್‌ನಿಂದ ಹೊರಬಂದ ಸದ್ದಲ್ಲಿ ಸ್ವಲ್ಪವನ್ನು ಮತ್ತೆ ಒಳಕ್ಕೆ ಕಳಿಸುತ್ತದೆ. ಗಡಿಯ ಹತ್ತಿರ ಇರುವ ಸ್ವರ ಉಬ್ಬಿ ಎದ್ದು ನಿಲ್ಲುತ್ತದೆ. ತಿರುಗಿಸುತ್ತಾ ಹೋದೆ. ಮುಕ್ಕಾಲು ದಾಟಿದ ಮೇಲೆ ಫಿಲ್ಟರ್ ತಾನೇ ಸೀಟಿ ಹೊಡೆಯಲು ಶುರು ಮಾಡಿತು! ಆಸಿಲೇಟರ್‌ಗಳ ವಾಲ್ಯೂಮ್ ಸೊನ್ನೆಗೆ ಇಳಿಸಿದೆ. ಸೀಟಿ ನಿಲ್ಲಲಿಲ್ಲ. ಬೇರೆ ಸದ್ದನ್ನು ಸೋಸಬೇಕಾದ ಉಳಿ ತಾನೇ ಹಾಡುತ್ತಿದೆ. ಬಹುತೇಕ ಶುದ್ಧ ಸೈನ್ ಅಲೆ, ತೆಳ್ಳಗೆ, ಒದ್ದೆಯಾದ ಹಾಗೆ. ಅದನ್ನು ಕೇಳಿದ ಕ್ಷಣ ನನಗೆ ಬಕೆಟ್ ನೆನಪಾಯಿತು. ಗರಗಸದ ಜತೆ ಒಂದು ವಾರ ಗುದ್ದಾಡಿದ್ದು ಸಾಕು ಅನಿಸಿ ಅದನ್ನು ಅಲ್ಲೇ ಬಿಟ್ಟೆ.

ಆದರೆ ಸೀಟಿ ಸೀಟಿಯೇ. ಹನಿ ಬಿದ್ದು ಮುಗಿಯುತ್ತದೆ, ಸೀಟಿ ಮುಗಿಯುವುದಿಲ್ಲ. ಇಲ್ಲಿ ಬರುತ್ತದೆ ನೋಡಿ ನನ್ನ ಮಟ್ಟಿಗೆ ಸಿಂಥಸೈಜರ್‌ನ ಜೀವ ಇರುವ ಜಾಗ, ಎನ್ವೆಲಪ್, ಅಂದರೆ ಸದ್ದು ಹೇಗೆ ಏರಿ ಹೇಗೆ ಇಳಿಯಬೇಕು ಅಂತ ಹೇಳುವ ಭಾಗ.

ಪಿಯಾನೋ ಸ್ವರವೊಂದನ್ನು ರೆಕಾರ್ಡ್ ಮಾಡಿ ಹಿಂದುಮುಂದಾಗಿ ಕೇಳಿ. ಪಿಯಾನೋ ಅಂತ ಯಾರೂ ಹೇಳುವುದಿಲ್ಲ, ಹಾರ್ಮೋನಿಯಂ ಥರದ್ದೇನೋ ಅನ್ನುತ್ತಾರೆ. ಒಳಗಿರುವ ಸ್ವರಗಳು ಅವೇ, ಬಂದು ಹೋಗುವ ಕ್ರಮ ಮಾತ್ರ ತಿರುಗಿದೆ. 1948ರಲ್ಲಿ ಪ್ಯಾರಿಸ್‌ನ ರೇಡಿಯೋದಲ್ಲಿ ಪಿಯೆರ್ ಶೆಫರ್ ಗಂಟೆಯ ಸದ್ದಿನಿಂದ ಮೊದಲ ಏಟನ್ನು ಬಿಟ್ಟು ಉಳಿದ ನಾದವನ್ನಷ್ಟೇ ರೆಕಾರ್ಡ್ ಮಾಡಿಕೊಂಡಿದ್ದರು. ಅದು ಗಂಟೆಯ ಹಾಗೆ ಕೇಳಲಿಲ್ಲ, ಊದುವ ವಾದ್ಯದ ಹಾಗೆ ಕೇಳಿತು. ನಾವು ಒಂದು ವಾದ್ಯವನ್ನು ಗುರುತು ಹಿಡಿಯುವುದು ಅದರ ಬಣ್ಣದಿಂದ ಅಂದುಕೊಂಡಿರುತ್ತೇವೆ. ಅರ್ಧ ಗುರುತು ಅದು ಹೇಗೆ ಶುರುವಾಗುತ್ತದೆ, ಹೇಗೆ ಮುಗಿಯುತ್ತದೆ ಅನ್ನುವುದರಲ್ಲೇ ಇದೆ.

1964ರಲ್ಲಿ ಮೂಗ್ ತಮ್ಮ ಮೊದಲ ಸಿಂಥಸೈಜರ್ ಕಟ್ಟುವಾಗ ಜತೆಗಿದ್ದವರು ಹರ್ಬರ್ಟ್ ಡಾಯ್ಚ್ ಎಂಬ ಸಂಗೀತ ಸಂಯೋಜಕ. ಸ್ವರ ಬಂದು ನಿಂತುಬಿಡುತ್ತದೆ, ಅದಕ್ಕೊಂದು ಶುರು, ಒಂದು ಕೊನೆ ಬೇಕು ಅಂತ ಕೇಳಿದ್ದು ಅವರೇ. ಆಗ ಮೂಗ್ ಬಳಸಿದ್ದು ಮನೆಬಾಗಿಲಿನ ಕರೆಗಂಟೆಯ ಒತ್ತುಗುಂಡಿ! ಒತ್ತಿದರೆ ಕೆಪಾಸಿಟರ್‌ನಲ್ಲಿ ವೋಲ್ಟೇಜ್ ತುಂಬುತ್ತದೆ, ಬಿಟ್ಟರೆ ಖಾಲಿಯಾಗುತ್ತದೆ. ಆ ತುಂಬಿ ಖಾಲಿಯಾಗುವ ವೋಲ್ಟೇಜ್ ಹೇಳಿದ ಹಾಗೆ ಸದ್ದು ಏರಿ ಇಳಿಯುತ್ತದೆ. ಎನ್ವೆಲಪ್ ಅಂದರೆ ಇಷ್ಟೇ. ಮಾರನೇ ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ವ್ಲಾದಿಮಿರ್ ಉಸಾಚೆವ್ಸ್ಕಿ ಅದನ್ನು ನಾಲ್ಕು ಭಾಗ ಮಾಡಿ ಕೇಳಿದರು. ಇವತ್ತಿಗೂ ಬಹುಪಾಲು ಸಿಂಥ್‌ಗಳಲ್ಲಿ ಅದೇ ನಾಲ್ಕು ನಾಬ್. ಅಟ್ಯಾಕ್, ಅಂದರೆ ಏರಲು ಎಷ್ಟು ಹೊತ್ತು. ಡಿಕೇ, ಏರಿದ ಮೇಲೆ ಇಳಿಯಲು ಎಷ್ಟು ಹೊತ್ತು. ಸಸ್ಟೇನ್, ಇಳಿದು ಎಲ್ಲಿ ನಿಲ್ಲಬೇಕು. ರಿಲೀಸ್, ಕೀ ಬಿಟ್ಟ ಮೇಲೆ ಆರಲು ಎಷ್ಟು ಹೊತ್ತು.

ಗಮನಿಸಿ, ಮೂರು ಹೊತ್ತು, ಒಂದು ಎತ್ತರ. ಸಸ್ಟೇನ್ ಹೊತ್ತಲ್ಲ. ಹೊಸದಾಗಿ ಕಲಿಯುವವರಿಗೆ ಎಲ್ಲರಿಗೂ ಇದು ಗೊಂದಲ. ನನಗೆ ಇನ್ನೊಂದು ನಾಬ್‌ನಿಂದ ಒಂದು ಇಡೀ ಸಂಜೆ ಹೋಯಿತು. ಯಂತ್ರದಿಂದ ಒಂದು ಚೂರೂ ಸದ್ದಿಲ್ಲ. ವೈರ್ ಬದಲಿಸಿದೆ, ಹೆಡ್‌ಫೋನ್ ಬದಲಿಸಿದೆ, ಕೆಟ್ಟೇಹೋಯಿತು ಅಂತ ಕಣ್ಣಲ್ಲಿ ನೀರು ಬಂತು. ನೋಡಿದರೆ ಅಟ್ಯಾಕ್ ಪೂರ್ತಿ ಏರಿಸಿಟ್ಟಿದ್ದೆ. ಸದ್ದು ಮೇಲೇಳಲು ಎಷ್ಟೋ ಸೆಕೆಂಡು ಬೇಕಿತ್ತು, ನಾನು ಟಪ್ ಟಪ್ ಅಂತ ಒತ್ತಿ ಬಿಡುತ್ತಿದ್ದೆ. ಹೆಸರು ಬರೆದಿಲ್ಲದ ನಾಬ್‌ಗಳ ಕಷ್ಟ ಇದು. ಆದರೆ ಆ ಸಂಜೆ ಆದ ಮೇಲೆ ಅಟ್ಯಾಕ್ ಯಾವುದು ಅಂತ ನಾನು ಮರೆತೇ ಇಲ್ಲ.

ಈಗ ಮೊದಲು ಹೇಳಿದ ಮಾತಿಗೆ ಬನ್ನಿ. ಕೀಬೋರ್ಡ್ ಕಳಿಸುವುದು ವೋಲ್ಟೇಜ್. ಎನ್ವೆಲಪ್ ಕೊಡುವುದೂ ವೋಲ್ಟೇಜ್. ಅಂದರೆ ಎನ್ವೆಲಪ್ ವಾಲ್ಯೂಮಿಗೇ ಹೋಗಬೇಕು ಅಂತೇನಿಲ್ಲ. ಫಿಲ್ಟರ್‌ನ ಕಟಾಫ್‌ಗೆ ಕೊಡಬಹುದು. ಶ್ರುತಿಗೂ ಕೊಡಬಹುದು. ಯಾರೋ ಅದೃಶ್ಯವಾಗಿ ನಾಬ್ ತಿರುಗಿಸಿದ ಹಾಗೆ. ಹಾಗೇ ಎಲ್‌ಎಫ್‌ಒ, ಕಿವಿಗೆ ಸ್ವರವಾಗಿ ಕೇಳದಷ್ಟು ನಿಧಾನದ ಆಸಿಲೇಟರ್. ಅದನ್ನು ಶ್ರುತಿಗೆ ಕೊಟ್ಟರೆ ಪಿಟೀಲಿನವರು ಬೆರಳು ಅಲುಗಿಸಿದ ಹಾಗೆ ಸ್ವರ ತೂಗುತ್ತದೆ. ಈ ತೂಗಾಟವನ್ನೇ ಬೇಗ, ಇನ್ನೂ ಬೇಗ ಮಾಡಿದರೆ ಏನಾಗುತ್ತದೆ ಅಂತ 1967ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತ ಸಂಯೋಜಕರು ಕಂಪ್ಯೂಟರ್‌ನಲ್ಲಿ ಮಾಡಿ ನೋಡಿದರು. ಒಂದು ವೇಗ ದಾಟಿದ ಮೇಲೆ ತೂಗಾಟ ಕೇಳಿಸಲೇ ಇಲ್ಲ, ಸದ್ದಿನ ಬಣ್ಣವೇ ಬದಲಾಯಿತು. ನಾನು ಮೊದಲು ಹೇಳಿದ ಟಕಟಕದ ಗಡಿಯೇ ಇದು, ಇನ್ನೊಂದು ದಾರಿಯಲ್ಲಿ. ಅದೇ ಎಫ್‌ಎಂ, ಅಂದರೆ ಫ್ರೀಕ್ವೆನ್ಸಿ ಮಾಡ್ಯುಲೇಷನ್. 1983ರ ಯಮಾಹಾ ಡಿಎಕ್ಸ್7 ಅನ್ನುವ ಸಿಂಥ್ ಅದರ ಮೇಲೆಯೇ ನಿಂತಿದೆ. ಅದರಲ್ಲಿ ಫಿಲ್ಟರೇ ಇಲ್ಲ, ಆದರೂ ಗಂಟೆಯಂಥ ಗಾಜಿನಂಥ ಸದ್ದುಗಳು ಬರುತ್ತವೆ. ಅದರ ಬಗ್ಗೆ ಬರೆದರೆ ಇನ್ನೊಂದು ಪೋಸ್ಟೇ ಆಗುತ್ತದೆ, ಇಲ್ಲಿಗೆ ಬಿಡುತ್ತೇನೆ.

ಹನಿಗೆ ವಾಪಸ್. ಸೀಟಿ ಹೊಡೆಯುವ ಫಿಲ್ಟರ್ ಇದೆ. ವಾಲ್ಯೂಮಿಗೆ ಒಂದು ಎನ್ವೆಲಪ್ ಕೊಟ್ಟೆ. ಅಟ್ಯಾಕ್ ಸೊನ್ನೆ, ಡಿಕೇ ತುಂಬಾ ಕಮ್ಮಿ, ಸಸ್ಟೇನ್ ಸೊನ್ನೆ. ಕೀ ಒತ್ತಿದೆ. ಟಿಕ್. ಗಡಿಯಾರದ ಸದ್ದು. ಡಿಕೇ ಸ್ವಲ್ಪ ಜಾಸ್ತಿ ಮಾಡಿದೆ. ಟಿಂಗ್. ಈಗ ಲೋಟಕ್ಕೆ ಚಮಚ ತಾಗಿದ ಹಾಗೆ. ಹನಿ ಎಲ್ಲೂ ಇಲ್ಲ. ಎರಡು ರಾತ್ರಿ ಈ ಎರಡರ ಮಧ್ಯೆ ಓಡಾಡಿದೆ.

ಕೊನೆಗೆ ಬಚ್ಚಲಿಗೆ ಹೋಗಿ ನಲ್ಲಿಯನ್ನು ಬೇಕಂತಲೇ ಸ್ವಲ್ಪ ಬಿಟ್ಟು ಬಕೆಟ್ ಪಕ್ಕ ಕುಕ್ಕರಗಾಲಲ್ಲಿ ಕುಳಿತೆ. ಹನಿ ಬೀಳುವುದು ಕಾಣುತ್ತದೆ, ಆಮೇಲೆ ಒಂದು ಎಳೆಯಷ್ಟು ತಡವಾಗಿ ಸದ್ದು. ನನಗೆ ಹಾಗನಿಸಿತು. ಆಮೇಲೆ ಓದಿದಾಗ ಕಾರಣ ಸಿಕ್ಕಿತು. ಹನಿ ನೀರಿಗೆ ಬಡಿಯುವ ಏಟಿಗೆ ಸದ್ದು ಬಹುತೇಕ ಇಲ್ಲವೇ ಇಲ್ಲ. ಹನಿ ಬಿದ್ದಾಗ ನೀರಲ್ಲಿ ಒಂದು ಗುಂಡಿಯಾಗಿ, ಅದು ಮುಚ್ಚಿಕೊಳ್ಳುವಾಗ ತಳದಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತದೆ. ಕಂಪಿಸುವುದು ಆ ಗುಳ್ಳೆ. 2018ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಅತಿವೇಗದ ಕ್ಯಾಮೆರಾ ಮತ್ತು ಮೈಕ್‌ಗಳನ್ನಿಟ್ಟು ಇದನ್ನು ತೋರಿಸಿದರು. ಆ ಗುಳ್ಳೆಯ ಕಂಪನ ನೀರಿನ ಮೇಲ್ಮೈಯನ್ನೇ ಅಲುಗಿಸಿ, ಅದರಿಂದ ಸದ್ದು ಗಾಳಿಗೆ ಬರುತ್ತದೆ. ಗುಳ್ಳೆಯ ಗಾತ್ರಕ್ಕೂ ಶ್ರುತಿಗೂ ಇರುವ ಲೆಕ್ಕವನ್ನು ಮಿನ್ನಾರ್ಟ್ ಎಂಬ ವಿಜ್ಞಾನಿ 1933ರಲ್ಲೇ ಕೊಟ್ಟಿದ್ದರು. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಸಲ ಕಂಪಿಸುತ್ತದೆ. ಮೂರು ಮಿಲಿಮೀಟರ್ ಆದರೆ ಸುಮಾರು 1,100. ಗುಳ್ಳೆ ಮೇಲ್ಮೈಗೆ ಹತ್ತಿರವಾದಂತೆ ಶ್ರುತಿ ಮೇಲಕ್ಕೆ ಜಾರುತ್ತದೆ.

ಮೇಲಕ್ಕೆ! ನಾನು ಅಷ್ಟು ದಿನ ಬಾಯಲ್ಲಿ "ತೊಟಕ್" ಅಂತಲೇ ಹೇಳಿಕೊಳ್ಳುತ್ತಿದ್ದೆ. ನಿಧಾನಕ್ಕೆ ಹೇಳಿ ನೋಡಿ. ತೊ, ಟಕ್. ಮೊದಲು ತುಟಿ ದುಂಡಗೆ, ಸದ್ದು ಮಂಕು. ಆಮೇಲೆ ಬಾಯಿ ತೆರೆದು ಸದ್ದು ಬೆಳ್ಳಗಾಗುತ್ತದೆ. ಏರುವುದು ಆ ಮಾತಿನಲ್ಲೇ ಇತ್ತು. ಈ ಮಾತನ್ನು ಮೊದಲು ಆಡಿದವರು ಯಾರೋ, ಅವರು ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದರು ಅನಿಸಿತು.

ಎರಡನೇ ಎನ್ವೆಲಪ್ಪನ್ನು ಕಟಾಫ್‌ಗೆ ಕೊಟ್ಟೆ. ವಾಲ್ಯೂಮ್ ಇಳಿಯುತ್ತಿರುವಾಗಲೇ ಸೀಟಿ ಏರಬೇಕು. ಅದರ ಅಟ್ಯಾಕನ್ನು ಸೊನ್ನೆಯಿಂದ ಕೂದಲೆಳೆಯಷ್ಟು ಸರಿಸಿದೆ. ಜಾಸ್ತಿಯಾದರೆ ಹಕ್ಕಿಯ ಕೂಗು, ಕಮ್ಮಿಯಾದರೆ ಮತ್ತೆ ಚಮಚ. ನಾಬನ್ನು ಬೆರಳ ತುದಿಯಿಂದ ತಿರುಗಿಸಿದರೆ ಹಾರಿಬಿಡುತ್ತಿತ್ತು. ಅಂಗೈಯ ಬದಿಯನ್ನು ಯಂತ್ರಕ್ಕೆ ಊರಿ, ಉಗುರಿನಿಂದ ತಳ್ಳಿದೆ. ಒಂದು ಜಾಗದಲ್ಲಿ, ಆ ಒಂದೇ ಜಾಗದಲ್ಲಿ, ಹೆಡ್‌ಫೋನ್ ಒಳಗೆ ನೀರಿತ್ತು.

ಆದರೆ ಐದಾರು ಸಲ ಒತ್ತಿದ ಮೇಲೆ ಮೋಸ ಗೊತ್ತಾಗುತ್ತಿತ್ತು. ಎಲ್ಲ ಹನಿಯೂ ಒಂದೇ. ನಿಜವಾದ ಹನಿಗಳಲ್ಲಿ ಗುಳ್ಳೆ ಒಂದು ದೊಡ್ಡದು, ಒಂದು ಚಿಕ್ಕದು. ಅದಕ್ಕೆ ಸ್ಯಾಂಪಲ್ ಆಂಡ್ ಹೋಲ್ಡ್ ಅನ್ನುವ ಭಾಗ ಇದೆ. ನಾಯ್ಸ್, ಅಂದರೆ ಸುಯ್ಯ್ ಅನ್ನುವ ಗೊತ್ತುಗುರಿಯಿಲ್ಲದ ವೋಲ್ಟೇಜ್, ಅದನ್ನು ಪ್ರತಿ ಏಟಿಗೆ ಒಮ್ಮೆ ಇಣುಕಿ ನೋಡಿ, ಆ ಕ್ಷಣ ಎಷ್ಟಿತ್ತೋ ಅಷ್ಟನ್ನೇ ಮುಂದಿನ ಏಟಿನವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಆ ವೋಲ್ಟೇಜಲ್ಲಿ ಒಂದು ಚಿಟಿಕೆ ಕಟಾಫ್‌ಗೆ ಕೊಟ್ಟೆ. ಕೀ ಒತ್ತುವ ಕೆಲಸವನ್ನು ಎಲ್‌ಎಫ್‌ಒಗೆ ವಹಿಸಿ, ಅದರ ವೇಗಕ್ಕೂ ಸ್ವಲ್ಪ ಅದೇ ವೋಲ್ಟೇಜ್ ಬೆರೆಸಿದೆ. ಹನಿಗಳು ತಾವಾಗಿಯೇ, ಒಂದು ಬೇಗ ಒಂದು ತಡವಾಗಿ, ಒಂದು ತಗ್ಗು ಒಂದು ಹೆಚ್ಚು, ಬೀಳತೊಡಗಿದವು.

ಹೆಡ್‌ಫೋನ್ ತೆಗೆದು ಸ್ಪೀಕರ್‌ಗೆ ಹಾಕಿದೆ. ಪಕ್ಕದ ಕೋಣೆಯಿಂದ ಮಗಳು ಕೂಗಿದಳು. "ಅಮ್ಮಾ, ಬಚ್ಚಲ ನಲ್ಲಿ ಸೋರ್ತಾ ಇದೆ, ನೋಡ್ತೀಯಾ?" ಬಾ ಇಲ್ಲಿ ಅಂತ ಕರೆದೆ. ಬಂದು ನನ್ನ ಪಕ್ಕ ಕುಳಿತು ತುಂಬಾ ಹೊತ್ತು ಕೇಳಿದಳು. ಆಮೇಲೆ ಅಂದಳು, "ಆದ್ರೆ ಬಕೆಟ್ ತುಂಬ್ತಾನೇ ಇಲ್ವಲ್ಲಮ್ಮಾ."

ಸರಿಯಾಗಿಯೇ ಹೇಳಿದ್ದಳು. ಬಕೆಟ್ ತುಂಬಿದಂತೆ ನೀರಿನ ಮೇಲಿನ ಗಾಳಿಯ ಜಾಗ ಕಮ್ಮಿಯಾಗುತ್ತದೆ, ಆ ಗಾಳಿ ಮೊಳಗುವ ಸ್ವರ ಏರುತ್ತದೆ. ಬಿಂದಿಗೆ ತುಂಬಿತು ಅಂತ ನೋಡದೆಯೇ ನಮಗೆ ಗೊತ್ತಾಗುವುದು ಅದರಿಂದಲೇ ಅಲ್ವಾ. ನನ್ನಲ್ಲಿರುವುದು ಒಂದೇ ಫಿಲ್ಟರ್, ಅದು ಹನಿಯಾಗಿ ಹಾಡುತ್ತಿತ್ತು. ಹಾಗಾಗಿ ನಾಲ್ಕು ನಿಮಿಷದ ಹನಿಗಳನ್ನು ರೆಕಾರ್ಡ್ ಮಾಡಿಕೊಂಡೆವು. ಯಂತ್ರದ ಹಿಂದೆ ಹೊರಗಿನ ಸದ್ದನ್ನು ಒಳಗೆ ಬಿಡುವ ಜಾಕ್ ಒಂದಿದೆ. ರೆಕಾರ್ಡಿಂಗನ್ನು ಅಲ್ಲಿ ಕೊಟ್ಟು, ರೆಸೊನೆನ್ಸ್ ಅರ್ಧಕ್ಕೆ ಇಳಿಸಿ, ಅದೇ ಫಿಲ್ಟರನ್ನು ಈ ಸಲ ಬಕೆಟ್ ಮಾಡಿದೆವು.

ಕಟಾಫ್ ನಾಬ್ ಮಗಳ ಕೈಗೆ ಕೊಟ್ಟೆ. ನಾಲ್ಕು ನಿಮಿಷದಲ್ಲಿ ಕಾಲು ಸುತ್ತು, ಅಷ್ಟು ನಿಧಾನ. ಅವಳು ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದಳು. ಹನಿಗಳ ಹಿಂದಿನ ಮೊಳಗು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಏರುತ್ತಾ ಬಂತು. ಕೊನೆಯ ಹೊತ್ತಿಗೆ ಅವಳ ಬೆರಳು ನಡುಗುತ್ತಿತ್ತು. "ತುಂಬ್ತು," ಅಂದಳು.